ದಿನಬಳಕೆಗೂ ಹಗುರ ಗೇಮಿಂಗ್‌ಗೂ ಲ್ಯಾಪ್‌ಟಾಪ್ ಪ್ರೊಸೆಸರ್: ಯಾವುದನ್ನು, ಏನು ನೋಡಿ ಆರಿಸಬೇಕು?

ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು “ಐ5 ತಗೊಳ್ಳೋದಾ, ಐ7 ತಗೊಳ್ಳೋದಾ” ಎಂದು. ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಿಂತ ಪ್ರಶ್ನೆಯನ್ನೇ ಬದಲಿಸಿಕೊಳ್ಳುವುದು ಲೇಸು. ಇಂಟೆಲ್‌ನ 13ನೇ ತಲೆಮಾರಿನ ಕೋರ್ ಐ7-1355ಯು ಮತ್ತು ಕೋರ್ ಐ5-1335ಯು ಎರಡರಲ್ಲೂ ಇರುವುದು ಎರಡು ದೊಡ್ಡ ಕೋರ್‌ಗಳು ಮತ್ತು ಎಂಟು ಸಣ್ಣ ಕೋರ್‌ಗಳು (ಕೋರ್ ಎಂದರೆ ಪ್ರೊಸೆಸರ್‌ನೊಳಗೆ ದುಡಿಯುವ ಘಟಕ; ದೊಡ್ಡದು ವೇಗದ್ದು, ಸಣ್ಣದು ವಿದ್ಯುತ್ ಉಳಿಸುವಂಥದು). ಗರಿಷ್ಠ ವೇಗ ಐ7ರಲ್ಲಿ 5.0 ಗಿಗಾಹರ್ಟ್ಸ್, ಐ5ರಲ್ಲಿ 4.6, ಪರದೆಯ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಘಟಕಗಳು ಐ7ರಲ್ಲಿ 96, ಐ5ರಲ್ಲಿ 80. ವ್ಯತ್ಯಾಸ ಹೆಚ್ಚುಕಡಿಮೆ ಇಷ್ಟೇ. ಅದೇ ತಲೆಮಾರಿನ ಕೋರ್ ಐ5-13500ಎಚ್‌ನಲ್ಲಿ ನಾಲ್ಕು ದೊಡ್ಡ ಕೋರ್‌ಗಳೂ ಎಂಟು ಸಣ್ಣ ಕೋರ್‌ಗಳೂ ಇದ್ದು, ಅದಕ್ಕೆ ಸಿಗುವ ವಿದ್ಯುತ್ತೂ ಹೆಚ್ಚು. ಆದ್ದರಿಂದ ಹಲವು ಕೋರ್‌ಗಳನ್ನು ಒಟ್ಟಿಗೆ ದುಡಿಸುವ ಕೆಲಸದಲ್ಲಿ ಆ ಐ5 ಈ ಐ7 ಅನ್ನು ಸಲೀಸಾಗಿ ಹಿಂದಿಕ್ಕುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ 5, 7 ಎಂಬ ಅಂಕಿಗಳಿಗಿಂತ ಮಾದರಿ ಸಂಖ್ಯೆಯ ಕೊನೆಗೆ ಅಂಟಿಕೊಂಡಿರುವ ಒಂದು ಅಕ್ಷರಕ್ಕೆ ಹೆಚ್ಚು ತೂಕವಿದೆ.

ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್, ವರ್ಡ್ ಮತ್ತು ಎಕ್ಸೆಲ್, ವಿಡಿಯೊ ಕರೆ, ಕಾಲೇಜಿನ ಪ್ರೋಗ್ರಾಮಿಂಗ್ ಅಭ್ಯಾಸ, ಟ್ಯಾಲಿಯಂಥ ಲೆಕ್ಕಪತ್ರದ ತಂತ್ರಾಂಶ, ಆಗೊಮ್ಮೆ ಈಗೊಮ್ಮೆ ಫೋಟೊ ತಿದ್ದುವುದು ಇವನ್ನು ಇಲ್ಲಿ ದಿನಬಳಕೆ ಎಂದು ಇಟ್ಟುಕೊಂಡಿದ್ದೇನೆ. ಹಗುರ ಗೇಮಿಂಗ್ ಎಂದರೆ ವ್ಯಾಲೊರಂಟ್, ಮೈನ್‌ಕ್ರಾಫ್ಟ್, ರಾಕೆಟ್ ಲೀಗ್, 2015ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ 5, ಸ್ವಲ್ಪ ಮೇಲಕ್ಕೆ ಹೋದರೆ ಕೌಂಟರ್ ಸ್ಟ್ರೈಕ್ 2. ಹೊಸದಾಗಿ ಬರುವ ಭಾರಿ ಆಟಗಳನ್ನು ಉತ್ತಮ ದೃಶ್ಯಗುಣದಲ್ಲಿ ಆಡಬೇಕೆನ್ನುವವರಿಗೆ ಈ ಬರಹ ಹೆಚ್ಚು ಉಪಯೋಗಕ್ಕೆ ಬಾರದು. ಅವರು ಮೊದಲು ಗ್ರಾಫಿಕ್ಸ್ ಕಾರ್ಡ್ ಆರಿಸಿ, ಆಮೇಲೆ ಪ್ರೊಸೆಸರ್ ನೋಡಬೇಕು.

ದಿನಬಳಕೆಯ ಮಟ್ಟಿಗೆ ಪ್ರೊಸೆಸರ್‌ಗಳ ನಡುವಿನ ಪೈಪೋಟಿ ಬಹುಮಟ್ಟಿಗೆ ಮುಗಿದುಹೋಗಿದೆ. 2022ರಿಂದೀಚೆಗೆ ಬಂದ ಯಾವುದೇ ಮಧ್ಯಮ ದರ್ಜೆಯ ಪ್ರೊಸೆಸರ್ ಮೇಲೆ ಹೇಳಿದ ಕೆಲಸಗಳನ್ನೆಲ್ಲ ತಡವರಿಸದೆ ಮಾಡುತ್ತದೆ. ನಿಧಾನವೆನಿಸಿದರೆ ಕಾರಣ ಸಾಮಾನ್ಯವಾಗಿ 8 ಜಿಬಿ ಮೆಮೊರಿ ಸಾಲದೆ ಹೋಗಿರುವುದು. ಆದ್ದರಿಂದ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಎರಡನೆಯ ಬಳಕೆ, ಅಂದರೆ ಆಟ. ಮತ್ತು ಆಟವನ್ನು ನಿರ್ಧರಿಸುವುದು ಪ್ರೊಸೆಸರ್‌ನೊಳಗೇ ಕೂತಿರುವ ಗ್ರಾಫಿಕ್ಸ್ ಭಾಗ.

ಇಂಟೆಲ್ ಹೆಸರುಗಳು

ಯು ಎಂಬ ಅಕ್ಷರವಿದ್ದರೆ ಕಡಿಮೆ ವಿದ್ಯುತ್ತಿನ, ತೆಳು ಲ್ಯಾಪ್‌ಟಾಪ್‌ಗಳಿಗಾಗಿ ಮಾಡಿದ ಪ್ರೊಸೆಸರ್. ಐ5-1335ಯುನ ಮೂಲ ವಿದ್ಯುತ್ ಮಿತಿ 15 ವ್ಯಾಟ್. ಎಚ್ ಎಂದಿದ್ದರೆ ಹೆಚ್ಚು ವಿದ್ಯುತ್ ಎಳೆದು ಹೆಚ್ಚು ದುಡಿಯುವಂಥದು. ಐ5-13420ಎಚ್‌ನ ಮೂಲ ಮಿತಿ 45 ವ್ಯಾಟ್. ಎಚ್ ಮೇಲು, ಯು ಕೀಳು ಎಂದು ಇಷ್ಟರಿಂದಲೇ ತೀರ್ಮಾನಿಸುವುದು ಸಹಜ, ಆದರೆ ಗೇಮಿಂಗ್ ವಿಷಯದಲ್ಲಿ ಇಲ್ಲೊಂದು ತಿರುವಿದೆ. 13420ಎಚ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿ ಇರುವುದು 48 ಘಟಕಗಳು ಮಾತ್ರ, 1335ಯುನಲ್ಲಿ 80. ಇಂಟೆಲ್ ಈ ಎಚ್ ಮಾದರಿಗಳನ್ನು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಜೊತೆಗಿರುತ್ತದೆ ಎಂಬ ಲೆಕ್ಕದಲ್ಲಿ ಮಾಡಿದೆ. ತಯಾರಕರು ಮಾತ್ರ ಕಾರ್ಡ್ ಇಲ್ಲದ ಸಾಧಾರಣ ಲ್ಯಾಪ್‌ಟಾಪ್‌ಗಳಲ್ಲೂ ಇವನ್ನು ಹಾಕಿ ಮಾರುತ್ತಾರೆ. ಹೀಗಾಗಿ ಕಾರ್ಡ್ ಇಲ್ಲದ ಎರಡು ಲ್ಯಾಪ್‌ಟಾಪ್‌ಗಳು ಎದುರಿಗಿದ್ದಾಗ ಕೋಡ್ ಕಂಪೈಲ್ ಮಾಡುವವರಿಗೆ 13420ಎಚ್ ಒಳ್ಳೆಯದು, ಸಂಜೆ ವ್ಯಾಲೊರಂಟ್ ಆಡುವವರಿಗೆ 1335ಯು ಒಳ್ಳೆಯದು. 12450ಎಚ್ ಮತ್ತು 2025ರ ಕೋರ್ 5 210ಎಚ್ ಕೂಡ ಇದೇ 48 ಘಟಕಗಳ ಗುಂಪಿನವು.

2023ರ ಕೊನೆಯಿಂದ ಇಂಟೆಲ್ ಹೊಸ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಹೆಸರಿನಿಂದ ‘ಐ’ ಅನ್ನು ಬಿಡುತ್ತ ಬಂದಿದ್ದು, ಕೋರ್ ಮತ್ತು ಕೋರ್ ಅಲ್ಟ್ರಾ ಎಂಬ ಎರಡು ಸಾಲುಗಳನ್ನು ಮಾಡಿದೆ. ಅಲ್ಟ್ರಾ ಇಲ್ಲದ ಕೋರ್ 5 120ಯು ಮೂಲತಃ 13ನೇ ತಲೆಮಾರಿನ ಹಳೆಯ ವಿನ್ಯಾಸವೇ. ಅದು ಕೆಟ್ಟದೇನಲ್ಲ, ಆದರೆ ಹೊಸ ಹೆಸರಿಗೆಂದು ಹೆಚ್ಚು ಹಣ ಕೊಡಬಾರದು. ನಿಜವಾಗಿ ಹೊಸದಾಗಿರುವುದು ಅಲ್ಟ್ರಾ ಸಾಲು. 2023ರ ಡಿಸೆಂಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 5 125ಎಚ್‌ನಲ್ಲಿ ಆರ್ಕ್ ಗ್ರಾಫಿಕ್ಸ್ ಇದ್ದು, 1335ಯುನಂಥ ಹಿಂದಿನ ಪ್ರೊಸೆಸರ್‌ಗಳಲ್ಲಿದ್ದ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್‌ಗಿಂತ ಅದು ಬಹಳ ಮುಂದಿದೆ. ಅಕ್ಷರದ ಮಾತು ಇಲ್ಲಿಯೂ ಅನ್ವಯಿಸುತ್ತದೆ: 125ಎಚ್‌ನಲ್ಲಿ ಏಳು ಗ್ರಾಫಿಕ್ಸ್ ಕೋರ್‌ಗಳು, 125ಯುನಲ್ಲಿ ನಾಲ್ಕೇ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 200ವಿ ಸಾಲಿನದು ಬೇರೆಯದೇ ದಾರಿ. ಅದರಲ್ಲಿ 16 ಅಥವಾ 32 ಜಿಬಿ ಮೆಮೊರಿ ಪ್ರೊಸೆಸರ್‌ನ ಪ್ಯಾಕೇಜಿನಲ್ಲೇ ಕೂತಿರುತ್ತದೆ, ಆಮೇಲೆ ಹೆಚ್ಚಿಸಿಕೊಳ್ಳುವ ಮಾತೇ ಇಲ್ಲ. ಬ್ಯಾಟರಿ ಬಾಳಿಕೆಯೂ ಗ್ರಾಫಿಕ್ಸೂ ಒಟ್ಟಿಗೆ ಚೆನ್ನಾಗಿರುವ ವಿಂಡೋಸ್ ಲ್ಯಾಪ್‌ಟಾಪ್ ಬೇಕೆನ್ನುವವರಿಗೆ ಹೇಳಿ ಮಾಡಿಸಿದಂತಿದೆ, ಬೆಲೆ ಒಂದನ್ನು ಬಿಟ್ಟರೆ.

ಎಎಂಡಿ: ಮೂರನೆಯ ಅಂಕಿಯನ್ನು ನೋಡಿ

ಇಂಟೆಲ್‌ನ ಪೈಪೋಟಿದಾರ ಎಎಂಡಿಯ ಹೆಸರುಗಳು ಇನ್ನೂ ಗೋಜಲಿನವು, ಆದರೆ ಒಮ್ಮೆ ಕೀಲಿ ಸಿಕ್ಕಿದರೆ ಇಂಟೆಲ್‌ಗಿಂತ ಸುಲಭ. ಅದರ ರೈಜನ್ ಪ್ರೊಸೆಸರ್‌ಗಳ 7000 ಮತ್ತು 8000 ಸಾಲಿನ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿ ವರ್ಷವನ್ನೂ, ಎರಡನೆಯದು ದರ್ಜೆಯನ್ನೂ, ಮೂರನೆಯದು ಒಳಗಿನ ವಿನ್ಯಾಸವನ್ನೂ ಹೇಳುತ್ತದೆ. ಈ ವಿನ್ಯಾಸಗಳ ಹೆಸರು ಝೆನ್, ಸಂಖ್ಯೆ ಹೆಚ್ಚಾದಷ್ಟೂ ಹೊಸದು: ಮೂರನೆಯ ಅಂಕಿ 2 ಇದ್ದರೆ ಝೆನ್ 2, 3 ಇದ್ದರೆ ಝೆನ್ 3 ಅಥವಾ 3 ಪ್ಲಸ್, 4 ಇದ್ದರೆ ಝೆನ್ 4.

ಈ ಕೀಲಿಯನ್ನು ಹಿಡಿದು ರೈಜನ್ 5 7520ಯು ಎಂಬ ಹೆಸರನ್ನು ಓದಿ ನೋಡಬೇಕು. ಮೊದಲ 7 ಅದನ್ನು 2023ರ ಸಾಲಿಗೆ ಸೇರಿಸುತ್ತದೆ. ಎರಡನೆಯ 5, ಮಧ್ಯಮ ದರ್ಜೆ ಎನ್ನುತ್ತದೆ. ಮೂರನೆಯ 2 ಮಾತ್ರ ನಿಜ ಬಿಚ್ಚಿಡುತ್ತದೆ, ಏಕೆಂದರೆ ಝೆನ್ 2 ಮೊದಲು ಬಂದದ್ದು 2019ರಲ್ಲಿ. ನಾಲ್ಕೇ ಕೋರ್‌ಗಳು, ಗ್ರಾಫಿಕ್ಸ್ ಘಟಕಗಳು ಎರಡೇ ಎರಡು, ಮೆಮೊರಿ ಬೋರ್ಡಿಗೇ ಬೆಸುಗೆಯಾಗಿರುತ್ತದೆ. 8 ಜಿಬಿಯದನ್ನು ಕೊಂಡರೆ ಕೊನೆಯವರೆಗೂ 8 ಜಿಬಿಯೇ. ‘ರೈಜನ್ 5, 7000 ಸೀರೀಸ್’ ಎಂದು ಜಾಹೀರಾತಿನಲ್ಲಿ ಕಂಡ ತಕ್ಷಣ ಮಗನಿಗೋ ಮಗಳಿಗೋ ಕೊಡಿಸಿಬಿಡುವ ಪೋಷಕರು ಹೆಚ್ಚಾಗಿ ಎಡವುವುದು ಇಲ್ಲೇ ಎಂದು ನನ್ನ ಎಣಿಕೆ. ಪಾಠ, ವಿಡಿಯೊ, ಟೈಪಿಂಗ್‌ಗೆ ಅದು ಸಾಕು. ಹಗುರ ಗೇಮಿಂಗ್‌ಗೂ ಸಾಲದು.

ರೈಜನ್ 5 7530ಯುನಲ್ಲಿ ಆರು ಝೆನ್ 3 ಕೋರ್‌ಗಳಿದ್ದು, ದಿನಬಳಕೆಗೆ ಅದು ತುಂಬ ಒಳ್ಳೆಯ, ಹಣಕ್ಕೆ ತಕ್ಕ ಪ್ರೊಸೆಸರ್. ಆದರೆ ಅದರ ಗ್ರಾಫಿಕ್ಸ್ ವೇಗಾ ಎಂಬ 2017ರ ತಂತ್ರಜ್ಞಾನದ್ದು. ವ್ಯಾಲೊರಂಟ್ ಆಗುತ್ತದೆ, ಕೌಂಟರ್ ಸ್ಟ್ರೈಕ್ 2ಕ್ಕೆ ರೆಸಲ್ಯೂಶನ್ ಇಳಿಸಿಕೊಳ್ಳಬೇಕಾಗುತ್ತದೆ. ಕೇವಲ ಕೊನೆಯ ಅಂಕಿ ಬದಲಾದ 7535ಯು ಮತ್ತು 7535ಎಚ್‌ಎಸ್‌ಗಳಲ್ಲಿ ಹೊಸ ಮಾದರಿಯ ರೇಡಿಯಾನ್ 660ಎಂ ಗ್ರಾಫಿಕ್ಸ್ ಇದೆ. ಅಲ್ಲಿಂದ ಮೇಲೆ 7640ಎಚ್‌ಎಸ್ ಮತ್ತು 8645ಎಚ್‌ಎಸ್‌ಗಳ 760ಎಂ, 7735ಎಚ್‌ಎಸ್‌ನ 680ಎಂ, 7840ಎಚ್‌ಎಸ್ ಮತ್ತು 8845ಎಚ್‌ಎಸ್‌ಗಳ 780ಎಂ. ಈ 780ಎಂನಲ್ಲಿ ಹನ್ನೆರಡು ಘಟಕಗಳಿದ್ದು, ಜಿಟಿಎ 5 ಅನ್ನು ಪೂರ್ಣ ಎಚ್‌ಡಿಯಲ್ಲಿ ಮಧ್ಯಮ ಸೆಟ್ಟಿಂಗ್‌ನಲ್ಲಿ ಪ್ರತ್ಯೇಕ ಕಾರ್ಡ್ ಇಲ್ಲದೆಯೇ ನೆಮ್ಮದಿಯಾಗಿ ಆಡಬಹುದು.

2024ರಿಂದೀಚೆಗೆ ಎಎಂಡಿ ಈ ಪದ್ಧತಿಯನ್ನೂ ಕೈಬಿಟ್ಟು ರೈಜನ್ ಎಐ 300 ಮತ್ತು ರೈಜನ್ 200 ಎಂಬ ಸಾಲುಗಳಿಗೆ ಬಂದಿತು. ರೈಜನ್ 200 ಎಂದರೆ ಹೆಸರು ಬದಲಾದ ಝೆನ್ 4: ರೈಜನ್ 7 250ರಲ್ಲಿ ಅದೇ 780ಎಂ, ರೈಜನ್ 5 220ರಲ್ಲಿ ನಾಲ್ಕೇ ಘಟಕಗಳ 740ಎಂ. ಎಐ 300 ಸಾಲಿನಲ್ಲಿ ಝೆನ್ 5 ಇದೆ, ಆದರೆ ಗ್ರಾಫಿಕ್ಸ್ ವಿಚಾರದಲ್ಲಿ ಹೊಸದೆಲ್ಲ ಹೆಚ್ಚಿನದಲ್ಲ. ರೈಜನ್ ಎಐ 5 340ರ 840ಎಂನಲ್ಲಿ ನಾಲ್ಕು ಘಟಕಗಳು, ಎಐ 7 350ರ 860ಎಂನಲ್ಲಿ ಎಂಟು. ಆಟಕ್ಕಾಗಿಯೇ ನೋಡುವುದಾದರೆ ಹಳೆಯ 8845ಎಚ್‌ಎಸ್ ಇರುವ ಲ್ಯಾಪ್‌ಟಾಪ್ ರಿಯಾಯಿತಿಯಲ್ಲಿ ಸಿಕ್ಕರೆ ನಾನು ಎಐ 5 340ರ ಕಡೆ ತಿರುಗಿಯೂ ನೋಡುವುದಿಲ್ಲ. ಎಐ ಎಂಬ ಎರಡಕ್ಷರ ಸೂಚಿಸುವ ಎನ್‌ಪಿಯು, ಅಂದರೆ ಎಐ ಲೆಕ್ಕಗಳಿಗೆಂದೇ ಇರುವ ಭಾಗ, ಈ ಆಟಗಳ ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಹೆಚ್ಚಿಸುವುದಿಲ್ಲ.

ಮೆಮೊರಿ ಒಂದೋ ಎರಡೋ

ಇಲ್ಲಿಯವರೆಗೆ ಹೇಳಿದ ಗ್ರಾಫಿಕ್ಸ್‌ಗಳಿಗೆಲ್ಲ ಒಂದು ಸಮಾನ ಕೊರತೆಯಿದೆ: ಅವುಗಳಿಗೆ ಸ್ವಂತ ಮೆಮೊರಿ ಇಲ್ಲ. ಪ್ರೊಸೆಸರ್ ಬಳಸುವ ಮೆಮೊರಿಯನ್ನೇ ಹಂಚಿಕೊಳ್ಳಬೇಕು. ಡಿಡಿಆರ್4-3200 ಎಂಬ ಬಗೆಯ ಮೆಮೊರಿಯ ಒಂದು ಮಾಡ್ಯೂಲ್ (ಕಳಚಿ ಹಾಕಬಹುದಾದ ಮೆಮೊರಿ ಪಟ್ಟಿ) ಸೆಕೆಂಡಿಗೆ 25.6 ಜಿಬಿ ದತ್ತಾಂಶ ಸಾಗಿಸಬಲ್ಲದು. ಎರಡು ಮಾಡ್ಯೂಲ್ ಹಾಕಿದರೆ, ಅಂದರೆ ಎರಡು ಚಾನೆಲ್ ಆದರೆ, 51.2. ಹೋಲಿಕೆಗೆ, ಎನ್‌ವಿಡಿಯಾದ 4 ಜಿಬಿಯ ಆರ್‌ಟಿಎಕ್ಸ್ 3050 ಎಂಬ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 192 ಜಿಬಿ. ಗಿರಣಿ ಎಷ್ಟೇ ದೊಡ್ಡದಿದ್ದರೂ ಕಾಳು ಸುರಿಯುವ ಬಾಯಿ ಕಿರಿದಾಗಿದ್ದರೆ ಹಿಟ್ಟು ಬರುವುದು ನಿಧಾನವೇ. ಒಂದೇ ಮಾಡ್ಯೂಲ್‌ನ 16 ಜಿಬಿಗಿಂತ 8 ಮತ್ತು 8 ಸೇರಿದ 16 ಜಿಬಿ ಆಟಕ್ಕೆ ಸ್ಪಷ್ಟವಾಗಿ ಮೇಲು, ಈ ವ್ಯತ್ಯಾಸ ಐ5ರಿಂದ ಐ7ಕ್ಕೆ ಹೋದಾಗ ಸಿಗುವ ವ್ಯತ್ಯಾಸಕ್ಕಿಂತ ದೊಡ್ಡದು.

ಇಂಟೆಲ್ ಇದನ್ನು ಹೆಸರಿನಲ್ಲಿಯೇ ಒಪ್ಪಿಕೊಂಡಿದೆ. ಐರಿಸ್ ಎಕ್ಸ್‌ಇ ಇರುವ ಪ್ರೊಸೆಸರ್‌ಗೆ ಒಂದೇ ಮಾಡ್ಯೂಲ್ ಕೊಟ್ಟರೆ ವಿಂಡೋಸ್ ಅದನ್ನು ಐರಿಸ್ ಎಂದು ತೋರಿಸುವುದೇ ಇಲ್ಲ, ಬರೀ ಯುಎಚ್‌ಡಿ ಗ್ರಾಫಿಕ್ಸ್ ಎನ್ನುತ್ತದೆ. ಮೊದಲ ಸಾಲಿನ ಅಲ್ಟ್ರಾ ಎಚ್ ಪ್ರೊಸೆಸರ್‌ಗಳಲ್ಲಿ ಆರ್ಕ್ ಎಂಬ ಹೆಸರು ಕಾಣಬೇಕಾದರೂ ಎರಡು ಚಾನೆಲ್‌ನಲ್ಲಿ ಕನಿಷ್ಠ 16 ಜಿಬಿ ಇರಬೇಕು. ಅಂಗಡಿಯಲ್ಲಿ ಚಾಲೂ ಇರುವ ಲ್ಯಾಪ್‌ಟಾಪ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಮೇಲೆ ಒತ್ತಿ ಕೆಳಭಾಗ ನೋಡಿದರೆ ‘ಸ್ಲಾಟ್ಸ್ ಯೂಸ್ಡ್’ ಎಂಬ ಸಾಲು ಇರುತ್ತದೆ. ಅಲ್ಲಿ ‘1 ಆಫ್ 2’ ಎಂದಿದ್ದರೆ ಒಂದು ಜಾಗ ಖಾಲಿಯಿದೆ, ಇನ್ನೊಂದು ಮಾಡ್ಯೂಲ್ ಹಾಕಿಸಿಕೊಳ್ಳಬಹುದು ಎಂದರ್ಥ. ಅದೇ ಕಿಟಕಿಯಲ್ಲಿ ಜಿಪಿಯು ಮೇಲೆ ಒತ್ತಿ, ಮೂಲೆಯಲ್ಲಿರುವ ಹೆಸರು ಐರಿಸೋ ಯುಎಚ್‌ಡಿಯೋ ಎಂದು ನೋಡಿದರೆ ಮಾರಾಟಗಾರರ ವಿವರಣೆಯ ಅಗತ್ಯ ಬೀಳುವುದಿಲ್ಲ. ಬೆಸುಗೆಯಾದ ಮೆಮೊರಿ ಇರುವ ಯಂತ್ರಗಳಲ್ಲಿ ಈ ಸಾಲು ದಾರಿ ತಪ್ಪಿಸುವುದುಂಟು, ಅಂಥವುಗಳಿಗೆ ತಯಾರಕರ ಪುಟದಲ್ಲಿರುವ ವಿವರವನ್ನೇ ನಂಬಬೇಕು.

2025ರ ಕೊನೆಯ ತಿಂಗಳುಗಳಿಂದ ಮೆಮೊರಿಯ ಬೆಲೆ ವಿಪರೀತ ಏರಿರುವುದರಿಂದ ‘ಈಗ 8 ಜಿಬಿ ತಗೊಂಡು ಆಮೇಲೆ ಹಾಕಿಸಿಕೊಳ್ಳೋಣ’ ಎಂಬ ಹಳೆಯ ಲೆಕ್ಕ ಈಗ ಅಷ್ಟು ಸರಿಹೊಂದುವುದಿಲ್ಲ. ಎರಡು ಚಾನೆಲ್‌ನ 16 ಜಿಬಿ ಮೊದಲೇ ಇರುವ ಲ್ಯಾಪ್‌ಟಾಪ್‌ಗಾಗಿ ಪ್ರೊಸೆಸರ್‌ನಲ್ಲಿ ಒಂದು ಮೆಟ್ಟಿಲು ಇಳಿಯಬೇಕಾಗಿ ಬಂದರೂ ಇಳಿಯಬಹುದು ಎಂಬುದು ನನ್ನ ಅಭಿಪ್ರಾಯ.

ಪ್ರತ್ಯೇಕ ಕಾರ್ಡ್ ಬೇಕೇ?

ವಾರಕ್ಕೆ ಎರಡು ಮೂರು ಗಂಟೆ ಆಡುವವರಿಗೆ ಬೇಡ. ದಿನವೂ ಆಡುವವರು, ಅದರಲ್ಲೂ ಕೌಂಟರ್ ಸ್ಟ್ರೈಕ್‌ನಲ್ಲಿ ಫ್ರೇಮ್ ರೇಟ್ ಬೀಳಬಾರದೆನ್ನುವವರು ಯೋಚಿಸಬಹುದು. ಕಾರ್ಡ್ ಬಂದರೆ ಅದರೊಂದಿಗೆ ತೂಕ, ಫ್ಯಾನಿನ ಸದ್ದು, ದಪ್ಪ ಚಾರ್ಜರ್ ಬರುತ್ತವೆ; ಬ್ಯಾಟರಿಯ ಮೇಲೆ ಆಡಿದರೆ ಕಾರ್ಡ್ ತನ್ನ ಪೂರ್ಣ ಶಕ್ತಿಯಲ್ಲಿ ಓಡುವುದೂ ಇಲ್ಲ. ಬೇಸಿಗೆಯಲ್ಲಿ ಪದೇ ಪದೇ ಕರೆಂಟ್ ಹೋಗುವ ಊರಿನಲ್ಲಿ ಓದುವ ವಿದ್ಯಾರ್ಥಿಗೆ, ಅಥವಾ ಬಸ್ಸಿನಲ್ಲಿ ದಿನವೂ ಹೊತ್ತು ಹೋಗುವವರಿಗೆ ಇದು ಸಣ್ಣ ವಿಷಯವಲ್ಲ. ಬೆಲೆ ಕಡಿಮೆಯೆಂದು ಆರ್‌ಟಿಎಕ್ಸ್ 2050 ಕಡೆ ಒಲಿಯುವವರು ಅದರ ಮೆಮೊರಿ ದಾರಿ 64 ಬಿಟ್ ಅಗಲದ್ದು, 4 ಜಿಬಿಯ 3050ರದು 128 ಬಿಟ್ ಎಂಬುದನ್ನು ಗಮನಿಸಬೇಕು. 3050 ಎಂದು ಬರೆದ ಕಾರ್ಡುಗಳೆಲ್ಲ ಒಂದೇ ಅಲ್ಲ. ತಯಾರಕರು ಅದಕ್ಕೆ 35 ವ್ಯಾಟ್‌ನಿಂದ 80 ವ್ಯಾಟ್‌ವರೆಗೆ ಎಷ್ಟು ವಿದ್ಯುತ್ ಕೊಡುತ್ತಾರೆ ಎಂಬುದರ ಮೇಲೆ ವೇಗ ಬದಲಾಗುತ್ತದೆ. ಕಾರ್ಡ್ ಇರುವ ಲ್ಯಾಪ್‌ಟಾಪ್ ಆದರೆ ಮೊದಲು ತಳ್ಳಿಹಾಕಿದ 12450ಎಚ್, 13420ಎಚ್‌ಗಳೇ ಸರಿಯಾದ ಜೋಡಿ, ಏಕೆಂದರೆ ಅವುಗಳ ಒಳಗಿನ ಗ್ರಾಫಿಕ್ಸ್ ಆಗ ಲೆಕ್ಕಕ್ಕೇ ಬರುವುದಿಲ್ಲ.

ಆಪಲ್ ಮತ್ತು ಸ್ನಾಪ್‌ಡ್ರಾಗನ್

ಎಂ4 ಪ್ರೊಸೆಸರ್‌ನ ಮ್ಯಾಕ್‌ಬುಕ್ ಏರ್ 2025ರ ಮಾರ್ಚ್‌ನಲ್ಲಿ ಭಾರತದಲ್ಲಿ 99,900 ರೂಪಾಯಿಗೆ, 16 ಜಿಬಿ ಮೆಮೊರಿಯೊಂದಿಗೆ ಬಂದಿತು. ಫ್ಯಾನ್ ಇಲ್ಲ, ಸದ್ದಿಲ್ಲ, ದಿನಬಳಕೆಯಲ್ಲಿ ಅದಕ್ಕೆ ಸಾಟಿಯಾಗುವ ಬ್ಯಾಟರಿ ಕಡಿಮೆ. ಆದರೆ ನಮ್ಮ ಪಟ್ಟಿಯ ವ್ಯಾಲೊರಂಟ್ ಆಗಲಿ, ಕೌಂಟರ್ ಸ್ಟ್ರೈಕ್ 2 ಆಗಲಿ, ಜಿಟಿಎ 5 ಆಗಲಿ ಮ್ಯಾಕ್‌ಗೆ ಬಂದಿಲ್ಲ. ಮೈನ್‌ಕ್ರಾಫ್ಟ್ ಆಡಿದರೆ ಸಾಕು ಎನ್ನುವವರು ಮಾತ್ರ ಮುಂದುವರಿಯಬಹುದು.

ಸ್ನಾಪ್‌ಡ್ರಾಗನ್ ಎಕ್ಸ್ ಸಾಲಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು 2024ರ ಜೂನ್‌ನಿಂದ ಮಾರುಕಟ್ಟೆಯಲ್ಲಿವೆ. ಇವು ಮೊಬೈಲ್ ಫೋನುಗಳಲ್ಲಿರುವಂಥ ಆರ್ಮ್ ವಿನ್ಯಾಸದವು, ಇಂಟೆಲ್ ಮತ್ತು ಎಎಂಡಿಗಳದ್ದಲ್ಲ. ಸಾಮಾನ್ಯ ತಂತ್ರಾಂಶಗಳನ್ನು ಪ್ರಿಸಂ ಎಂಬ ಅನುವಾದಕ ಪದರದ ಮೂಲಕ ಓಡಿಸುತ್ತವೆ, ಯಂತ್ರಾಂಶವನ್ನು ವಿಂಡೋಸ್‌ಗೆ ಜೋಡಿಸುವ ಡ್ರೈವರ್‌ಗಳನ್ನು ಮಾತ್ರ ಹಾಗೆ ಓಡಿಸಲಾಗುವುದಿಲ್ಲ. ಹಳೆಯ ಪ್ರಿಂಟರ್, ಜಿಎಸ್‌ಟಿ ಅಥವಾ ಟೆಂಡರ್ ಕೆಲಸಕ್ಕೆ ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇವುಗಳಿಗೆ ಆರ್ಮ್‌ಗಾಗಿಯೇ ಬರೆದ ಡ್ರೈವರ್ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ವ್ಯಾಲೊರಂಟ್ ಜೊತೆಗೆ ಬರುವ, ಆಟದಲ್ಲಿನ ಮೋಸ ತಡೆಯುವ ವ್ಯಾನ್‌ಗಾರ್ಡ್ ತಂತ್ರಾಂಶ ಇವುಗಳ ಮೇಲೆ ಓಡದ ಕಾರಣ ಗೇಮಿಂಗ್ ಉದ್ದೇಶವಿರುವವರಿಗೆ ನಾನು ಇವನ್ನು ಹೇಳುವುದಿಲ್ಲ.

ಕಡಿಮೆ ಹಣ, ಹಳೆಯ ಯಂತ್ರ

ತೀರ ಅಗ್ಗದ ವರ್ಗದಲ್ಲಿ ಇಂಟೆಲ್ ಎನ್100 ಇರುತ್ತದೆ. ನಾಲ್ಕೂ ಸಣ್ಣ ಕೋರ್‌ಗಳೇ ಆಗಿರುವ, 6 ವ್ಯಾಟ್‌ನ ಇದು ಶಾಲೆಯ ಮಕ್ಕಳ ಪಾಠಕ್ಕೆ ಸರಿ. ಸ್ವಲ್ಪ ಹೆಚ್ಚು ಕೊಟ್ಟು ಎರಡು ದೊಡ್ಡ ಕೋರ್‌ಗಳೂ ನಾಲ್ಕು ಸಣ್ಣ ಕೋರ್‌ಗಳೂ ಇರುವ ಕೋರ್ ಐ3-1215ಯು ಕೊಂಡರೆ ಅದು ಹೆಚ್ಚು ಕಾಲ ಬಾಳುತ್ತದೆ, ರೈಜನ್ 5 7520ಯುಗಿಂತಲೂ ಚುರುಕಾಗಿರುತ್ತದೆ.

ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಕಂಪನಿಗಳಿಂದ ಹಿಂದಿರುಗಿದ ಲ್ಯಾಪ್‌ಟಾಪ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅಲ್ಲಿ ಐ7 ಎಂಬ ಹೆಸರಿನ ಮೋಸ ಇನ್ನೂ ಹೆಚ್ಚು. 7ನೇ ತಲೆಮಾರಿನ ಐ7-7500ಯುನಲ್ಲಿ ಇರುವುದು ಎರಡು ಕೋರ್. ಅದರ ಮರು ತಲೆಮಾರಿನ, 2017ರಲ್ಲಿ ಬಂದ ಐ5-8250ಯುನಲ್ಲಿ ನಾಲ್ಕು. ಅಷ್ಟೇ ಅಲ್ಲ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದ್ದು, ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಬಹುತೇಕ ಇಂಟೆಲ್ 8ನೇ ತಲೆಮಾರು ಮತ್ತು ಆನಂತರದವನ್ನು. ಏನೋ ಉಪಾಯ ಮಾಡಿ ವಿಂಡೋಸ್ 11 ಹಾಕಿಕೊಟ್ಟರೂ, ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ವ್ಯವಸ್ಥೆಗಳೆರಡೂ ಚಾಲೂ ಇಲ್ಲದಿದ್ದರೆ ವ್ಯಾಲೊರಂಟ್ ತೆರೆಯುವುದಿಲ್ಲ. ಹಳೆಯದನ್ನು ಕೊಳ್ಳುವುದೇ ಆದರೆ ಐರಿಸ್ ಎಕ್ಸ್‌ಇ ಬಂದ 11ನೇ ತಲೆಮಾರು, ಅಥವಾ ರೈಜನ್ 5 5500ಯು, 5600ಯು ಇವುಗಳಿಂದ ಕೆಳಗಿಳಿಯಬಾರದು.

ಹೊಸದರಲ್ಲಿ ಈಗ ಆರಿಸಬೇಕಾಗಿ ಬಂದರೆ, ಮಧ್ಯಮ ಬೆಲೆಗೆ ನನ್ನ ಮೊದಲ ಆಯ್ಕೆ 7640ಎಚ್‌ಎಸ್ ಅಥವಾ 8645ಎಚ್‌ಎಸ್, ಅವು ಸಿಗದಿದ್ದರೆ 7535ಎಚ್‌ಎಸ್. ಇಂಟೆಲ್ಲೇ ಬೇಕೆಂದರೆ ಕೋರ್ ಅಲ್ಟ್ರಾ 5 125ಎಚ್ ಅಥವಾ ಅದರ ನಂತರದ 225ಎಚ್. ಆಟ ನೆಪಮಾತ್ರಕ್ಕೆ ಎನ್ನುವವರಿಗೆ 7530ಯು ಅಥವಾ 1335ಯು ಸಾಕು. ಯಾವುದನ್ನು ತಂದರೂ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಚಾರ್ಜರ್ ಹಾಕಿಟ್ಟು ಅರ್ಧ ಗಂಟೆ ಒಂದೇ ಸಮನೆ ನಿಮ್ಮ ಆಟವನ್ನೇ ಆಡಿ ನೋಡಬೇಕು. ಮೊದಲ ಐದು ನಿಮಿಷ ಚೆನ್ನಾಗಿದ್ದ ಫ್ರೇಮ್ ರೇಟ್ ಆಮೇಲೆ ಕುಸಿದು ಅಲ್ಲೇ ನಿಂತರೆ, ಪ್ರೊಸೆಸರ್ ಒಳ್ಳೆಯದೇ ಇದ್ದರೂ ಅದನ್ನು ತಂಪಾಗಿಡುವ ವ್ಯವಸ್ಥೆ ಸಾಲದೆಂದು ತಿಳಿದು, ಅದೇ ಪ್ರೊಸೆಸರ್ ಇರುವ ಬೇರೆ ಮಾದರಿಗೆ ಬದಲಿಸಿಕೊಳ್ಳಬೇಕು.